ಪರದೇಶದ ಊರಲ್ಲಿ ತಪ್ಪು ಗಾಡಿ ಹತ್ತಿದರೆ: ಕಲಬುರಗಿಯಿಂದ ಹೊರಟವರಿಗೆ ಒಂದು ಮಾರ್ಗದರ್ಶಿ

ಕಲಬುರಗಿ ಕೇಂದ್ರ ಬಸ್ ನಿಲ್ದಾಣದಲ್ಲಿ ಬೋರ್ಡ್ ಓದುತ್ತಾ ನಿಲ್ಲುವವರು ಕಡಿಮೆ. "ಆಳಂದ, ಆಳಂದ, ಆಳಂದ" ಅಂತ ಕೂಗು ಕೇಳುತ್ತದೆ, ಹೋಗಿ ಹತ್ತುತ್ತೇವೆ. ಅನುಮಾನ ಇದ್ದರೆ ಬಾಗಿಲಲ್ಲಿ ನಿಂತ ಕಂಡಕ್ಟರ್‌ಗೆ "ಅಣ್ಣಾ, ಇದು ಸೇಡಂಗೆ ಹೋಗ್ತದೇನ್ರೀ?" ಅಂತ ಒಂದು ಮಾತು ಕೇಳಿದರೆ ಆಯಿತು. ನಿದ್ದೆ ಹತ್ತಿದರೂ ಪಕ್ಕದವರು ಊರು ಬಂತು ಅಂತ ಎಬ್ಬಿಸುತ್ತಾರೆ. ದುಬೈ, ಸಿಂಗಾಪುರ, ಲಂಡನ್ ಮೆಟ್ರೋಗಳಲ್ಲಿ ಹೀಗೆ ಕೂಗಿ ಕರೆಯುವವರೂ ಇಲ್ಲ, ಕಂಡಕ್ಟರೂ ಇಲ್ಲ. ದುಬೈ ಮೆಟ್ರೋಗಂತೂ ಡ್ರೈವರ್ ಕೂಡ ಇಲ್ಲ. 2009ರಲ್ಲಿ ಶುರುವಾದಾಗಿನಿಂದ ಅದು ಡ್ರೈವರ್ ಇಲ್ಲದೆಯೇ ಓಡುತ್ತಿದೆ. ಅಲ್ಲಿ ದಾರಿ ಹೇಳುವುದು ಬೋರ್ಡ್ ಮಾತ್ರ.

ನಮ್ಮ ಕಡೆಯ ಎಷ್ಟೋ ತಂದೆತಾಯಿ ಈಗ ಮಕ್ಕಳ ಹತ್ತಿರ ಹೋಗಿ ತಿಂಗಳುಗಟ್ಟಲೆ ಇದ್ದು ಬರುತ್ತಾರೆ. ಮಗನೋ ಮಗಳೋ ಆಫೀಸಿಗೆ ಹೋದ ಮೇಲೆ ಗಂಡ ಹೆಂಡತಿ ಇಬ್ಬರೇ ಊರು ನೋಡಲು ಹೊರಡುತ್ತಾರೆ. ಹೋಗಲೇಬೇಕು, ಮನೆಯಲ್ಲಿ ಸುಮ್ನೆ ಕೂರಲು ಅಷ್ಟು ದೂರ ಯಾಕೆ ಹೋಗಬೇಕು ಅಲ್ವಾ? ಈ ಲೇಖನ ಮುಖ್ಯವಾಗಿ ಅವರಿಗಾಗಿ. ದಾರಿ ತಪ್ಪಿದ್ದರಿಂದ ಆಗುವ ನಷ್ಟ ಸಾಮಾನ್ಯವಾಗಿ ಹತ್ತು ಹದಿನೈದು ನಿಮಿಷದ್ದು. ಗಾಬರಿಯಲ್ಲಿ ಎದುರಿಗೆ ಬಂದ ಇನ್ನೊಂದು ಗಾಡಿ ಹತ್ತಿಬಿಡುತ್ತೇವಲ್ಲ, ನಿಜವಾದ ತೊಂದರೆ ಅಲ್ಲಿಂದ ಶುರುವಾಗುತ್ತದೆ.

ಹೊರಡುವ ಮುಂಚೆ: ಚೀಟಿ ಮತ್ತು ಫೋನ್

ಮೊದಲು ಚೀಟಿ ಮಾಡಿಕೊಳ್ಳಿ. ಎಟಿಎಂ ಕಾರ್ಡಿನಷ್ಟು ದೊಡ್ಡ ಗಟ್ಟಿ ಕಾಗದ ಸಾಕು. ಉಳಿದುಕೊಂಡ ಮನೆ ಅಥವಾ ಹೋಟೆಲಿನ ವಿಳಾಸ, ಹತ್ತಿರದ ಸ್ಟೇಷನ್ ಹೆಸರು, ಆ ಸ್ಟೇಷನ್ನಿನ ಯಾವ ಎಕ್ಸಿಟ್‌ನಿಂದ ಹೊರಬರಬೇಕು ಅನ್ನೋದು, ಮತ್ತೆ ಮಕ್ಕಳ ಫೋನ್ ನಂಬರ್ ದೇಶದ ಕೋಡ್ ಸಮೇತ. ಟೋಕಿಯೋಗೋ ಬ್ಯಾಂಕಾಕ್‌ಗೋ ಹೋಗುವವರಾದರೆ ವಿಳಾಸ ಅಲ್ಲಿನ ಲಿಪಿಯಲ್ಲೂ ಇರಲಿ. ಹೋಟೆಲಿನ ರಿಸೆಪ್ಷನ್‌ನಲ್ಲಿ ಕೇಳಿದರೆ ಬರೆದು ಕೊಡುತ್ತಾರೆ. ಮಕ್ಕಳ ಮನೆಗೆ ಹೋಗುವವರು ವಿಳಾಸ ಮೊದಲೇ ತರಿಸಿಕೊಂಡು ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆಯ ಯಾವುದಾದರೂ ಝೆರಾಕ್ಸ್ ಅಂಗಡಿಯಲ್ಲಿ ಲ್ಯಾಮಿನೇಷನ್ ಮಾಡಿಸಿಕೊಂಡರೆ ಇನ್ನೂ ಒಳ್ಳೆಯದು. ಇಬ್ಬರು ಹೋಗುವುದಾದರೆ ಎರಡು ಚೀಟಿ ಬೇಕು. ನಮ್ಮ ಮನೆಗಳಲ್ಲಿ ವಿಳಾಸ, ದುಡ್ಡು, ಫೋನ್ ಎಲ್ಲ ಯಜಮಾನರ ಜೇಬಿನಲ್ಲೇ ಇರುತ್ತದೆ. ಜನಜಂಗುಳಿಯಲ್ಲಿ ಕೈ ತಪ್ಪಿದರೆ ಹೆಂಡತಿಯ ಹತ್ತಿರ ಏನೂ ಇರುವುದಿಲ್ಲ. ಇದನ್ನು ದಯವಿಟ್ಟು ಬದಲಿಸಿ. ಅವರ ಚೀಟಿ, ಅವರ ಕಾರ್ಡ್, ಒಂದಿಷ್ಟು ಅಲ್ಲಿಯ ನೋಟು ಅವರ ಪರ್ಸಿನಲ್ಲೇ ಇರಲಿ.

ಎಕ್ಸಿಟ್ ಯಾಕೆ ಬರೆಯಬೇಕು ಅಂದರೆ, ದೊಡ್ಡ ಸ್ಟೇಷನ್‌ಗಳಿಗೆ ಬಾಗಿಲು ಒಂದೆರಡಲ್ಲ. ಟೋಕಿಯೋದ ಶಿಂಜುಕು ಸ್ಟೇಷನ್ನಿಗೆ 200ಕ್ಕೂ ಹೆಚ್ಚು ಎಕ್ಸಿಟ್‌ಗಳಿವೆ. ಸರಿಯಾದ ಸ್ಟೇಷನ್ನಿನಲ್ಲಿ ಇಳಿದು ತಪ್ಪು ಬಾಗಿಲಿಂದ ಹೊರಬಿದ್ದರೆ ಬೇರೆ ಊರಿಗೇ ಬಂದ ಹಾಗೆ ಅನಿಸುತ್ತದೆ. ಅಂಥ ಹೊತ್ತಿನಲ್ಲಿ ರಸ್ತೆ ದಾಟಿ ಹುಡುಕುತ್ತಾ ಹೋಗಬೇಡಿ. ಬಂದ ಮೆಟ್ಟಿಲಲ್ಲೇ ಕೆಳಗಿಳಿದು, ಒಳಗಿನ ಬೋರ್ಡ್ ನೋಡಿ ನಿಮ್ಮ ಎಕ್ಸಿಟ್ ಹುಡುಕುವುದು ಸುಲಭ.

ಫೋನಿನಲ್ಲಿ ಆ ಊರಿನ ಗೂಗಲ್ ಮ್ಯಾಪ್ ಇಳಿಸಿಕೊಂಡರೆ ಇಂಟರ್‌ನೆಟ್ ಇಲ್ಲದಿದ್ದರೂ ಊರು ಕಾಣುತ್ತದೆ, ನೀವಿರುವ ನೀಲಿ ಚುಕ್ಕೆಯೂ ಕಾಣುತ್ತದೆ. ಆದರೆ ಇಂಟರ್‌ನೆಟ್ ಇಲ್ಲದಾಗ ಅದು ಬಸ್ಸು, ರೈಲಿನ ದಾರಿ ಹೇಳುವುದಿಲ್ಲ. ನಡೆಯುವ ದಾರಿಯನ್ನೂ ಹೇಳುವುದಿಲ್ಲ. ಹಾಗಾಗಿ ಬೆಳಿಗ್ಗೆ ಮನೆಯಲ್ಲಿ ವೈಫೈ ಇರುವಾಗಲೇ ಹೋಗುವ ದಾರಿ, ಬರುವ ದಾರಿ ಎರಡನ್ನೂ ತೆಗೆದು ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಬರುವ ದಾರಿಯನ್ನು ತುಂಬ ಜನ ಮರೆಯುತ್ತಾರೆ. ಇನ್ನೊಂದು ಮಾತು: ನೆಲದ ಕೆಳಗಿನ ಸ್ಟೇಷನ್‌ಗಳಲ್ಲಿ ನೀಲಿ ಚುಕ್ಕೆಯನ್ನು ನಂಬಬೇಡಿ. ಉಪಗ್ರಹದ ಸಿಗ್ನಲ್ ಅಲ್ಲಿಗೆ ಇಳಿಯುವುದಿಲ್ಲ. ಅಲ್ಲಿ ಗೋಡೆಯ ಮೇಲೆ ಬರೆದ ಹೆಸರೇ ಸರಿ.

ಹೈದರಾಬಾದಿನಲ್ಲಿ ಒಂದು ದಿನ ಅಭ್ಯಾಸ

ಇದು ನನಗೆ ಬಹಳ ಮುಖ್ಯ ಅನಿಸುವ ಹೆಜ್ಜೆ. ಕಲಬುರಗಿ, ಬೀದರ್, ಯಾದಗಿರಿಯಲ್ಲಿ ಮೆಟ್ರೋ ಇಲ್ಲ. ಮೊದಲ ಸಲ ಮೆಟ್ರೋ ಹತ್ತುವುದು ಪರದೇಶದಲ್ಲೇ ಆದರೆ ಗೇಟು, ಕಾರ್ಡು, ಎಸ್ಕಲೇಟರ್, ಭಾಷೆ ಎಲ್ಲ ಒಟ್ಟಿಗೆ ತಲೆ ಮೇಲೆ ಬೀಳುತ್ತದೆ. ವೀಸಾ ಕೆಲಸಕ್ಕೋ, ಆಸ್ಪತ್ರೆಗೋ, ಬಟ್ಟೆ ಬಂಗಾರಕ್ಕೋ ಹೇಗೂ ಹೈದರಾಬಾದಿಗೆ ಹೋಗುತ್ತೇವೆ. ಅಲ್ಲಿ 2017ರ ನವೆಂಬರ್‌ನಿಂದ ಮೆಟ್ರೋ ಓಡುತ್ತಿದೆ. ನಮ್ಮ ಬಸ್ಸು ಇಳಿಸುವ ಎಂಜಿಬಿಎಸ್ ಬಸ್ ನಿಲ್ದಾಣದ ಪಕ್ಕದಲ್ಲೇ ಮೆಟ್ರೋ ಸ್ಟೇಷನ್ ಇದೆ.

ಹೀಗೆ ಮಾಡಿ. ಎಂಜಿಬಿಎಸ್‌ನಲ್ಲಿ ಟಿಕೆಟ್ ತೆಗೆದು ಕೆಂಪು ಲೈನಿಗೆ ಹೋಗಿ. ಅಲ್ಲಿ ಒಂದು ಕಡೆ ಮಿಯಾಪುರ ಅಂತ, ಇನ್ನೊಂದು ಕಡೆ ಎಲ್.ಬಿ. ನಗರ ಅಂತ ಬರೆದಿರುತ್ತದೆ. ನೀವು ಹೋಗಬೇಕಾದದ್ದು ಅಮೀರ್‌ಪೇಟೆಗೆ, ಆದರೆ ಬೋರ್ಡಿನಲ್ಲಿ ದೊಡ್ಡದಾಗಿ ಕಾಣುವ ಹೆಸರು ಅದಲ್ಲ. ಅಮೀರ್‌ಪೇಟೆ ಮಿಯಾಪುರದ ದಿಕ್ಕಿನಲ್ಲಿದೆ ಅಂತ ನಕ್ಷೆಯಲ್ಲಿ ಬೆರಳಿಟ್ಟು ನೋಡಿ, ಆ ಕಡೆಯ ಗಾಡಿ ಹತ್ತಿ. ಅಮೀರ್‌ಪೇಟೆಯಲ್ಲಿ ಇಳಿದು ನೀಲಿ ಲೈನಿಗೆ ಬದಲಾಯಿಸಿ, ರಾಯದುರ್ಗಂ ಕಡೆಯ ಗಾಡಿಯಲ್ಲಿ ಹೈಟೆಕ್ ಸಿಟಿಗೆ ಹೋಗಿ. ವಾಪಸ್ ಬರುವಾಗ ಬೇಕಂತಲೇ ಒಂದು ತಪ್ಪು ಮಾಡಿ. ಎಂಜಿಬಿಎಸ್‌ನಲ್ಲಿ ಇಳಿಯದೆ ಮುಂದಿನ ಮಲಕ್‌ಪೇಟೆಗೆ ಹೋಗಿ, ಗೇಟಿನಿಂದ ಹೊರಗೆ ಬರದೆ ಎದುರಿನ ಪ್ಲಾಟ್‌ಫಾರಂಗೆ ದಾಟಿ, ಒಂದು ಸ್ಟೇಷನ್ ಹಿಂದೆ ಬನ್ನಿ. ತಪ್ಪನ್ನು ಹೀಗೆ ಒಮ್ಮೆ ಕೈಯಾರೆ ಸರಿಮಾಡಿದವರಿಗೆ ಸಿಂಗಾಪುರದಲ್ಲಿ ಕಾಲು ನಡುಗುವುದಿಲ್ಲ. ಮಕ್ಕಳು ಜೊತೆಗಿದ್ದರೂ ಮುಂದೆ ನಡೆಯಬಾರದು. ಅಮ್ಮ ದಾರಿ ತೋರಿಸಲಿ, ಮಗ ಹಿಂದೆ ಬರಲಿ.

ಹತ್ತುವ ಮುಂಚೆ ನೋಡಬೇಕಾದದ್ದು

ಪ್ರಪಂಚದ ಬಹುತೇಕ ಮೆಟ್ರೋಗಳಲ್ಲಿ ದಿಕ್ಕನ್ನು ಹೇಳುವುದು ಕೊನೆಯ ಸ್ಟೇಷನ್ನಿನ ಹೆಸರಿನಿಂದ. ಆದ್ದರಿಂದ ಚೀಟಿಯ ಮೇಲೆ ನೀವು ಇಳಿಯುವ ಸ್ಟೇಷನ್ ಜೊತೆ ಆ ಕಡೆಯ ಕೊನೆಯ ಸ್ಟೇಷನ್ ಹೆಸರೂ ಬರೆದುಕೊಳ್ಳಿ. ಲಂಡನ್ನಿನಲ್ಲಿ ಮಾತ್ರ ಪೂರ್ವಕ್ಕೆ, ಪಶ್ಚಿಮಕ್ಕೆ, ಉತ್ತರಕ್ಕೆ, ದಕ್ಷಿಣಕ್ಕೆ ಅಂತಲೂ ಬರೆದಿರುತ್ತಾರೆ.

ಲೈನಿನ ಬಣ್ಣ ಸರಿ, ದಿಕ್ಕು ಸರಿ, ಆದರೂ ತಪ್ಪು ಜಾಗಕ್ಕೆ ಹೋಗುವುದುಂಟು. ಕಾರಣ, ಲೈನು ಮಧ್ಯದಲ್ಲಿ ಕವಲೊಡೆಯುತ್ತದೆ. ಇದು ನಮಗೆ ಹೊಸದಲ್ಲ. ವಾಡಿ ಜಂಕ್ಷನ್ನಿನಲ್ಲಿ ಒಂದು ಹಳಿ ಸೇಡಂ, ತಾಂಡೂರು ಹಿಡಿದು ಸಿಕಂದರಾಬಾದಿಗೆ ಹೋಗುತ್ತದೆ, ಇನ್ನೊಂದು ಯಾದಗಿರಿ, ರಾಯಚೂರಿನ ಕಡೆ ತಿರುಗುತ್ತದೆ. ಕಲಬುರಗಿಯಿಂದ ವಾಡಿ ತನಕ ಎರಡೂ ಗಾಡಿ ಒಂದೇ ಹಳಿಯ ಮೇಲೆ ಹೋಗುವುದರಿಂದ ತಪ್ಪು ಹತ್ತಿದವರಿಗೂ ಅಲ್ಲಿಯ ತನಕ ಗೊತ್ತಾಗುವುದಿಲ್ಲ. ದುಬೈನ ಕೆಂಪು ಲೈನು ಜಬಲ್ ಅಲಿಯಲ್ಲಿ ಹೀಗೇ ಎರಡಾಗುತ್ತದೆ, ಒಂದು ಕವಲು ಎಕ್ಸ್‌ಪೋ ಕಡೆ ಹೋಗುತ್ತದೆ. ಲಂಡನ್ನಿನ ನಾರ್ದರ್ನ್ ಲೈನು ಊರ ನಡುವೆಯೇ ಎರಡು ದಾರಿ ಹಿಡಿಯುತ್ತದೆ: ಒಂದು ಬ್ಯಾಂಕ್ ಮೂಲಕ, ಒಂದು ಚೇರಿಂಗ್ ಕ್ರಾಸ್ ಮೂಲಕ. ಪ್ಯಾರಿಸ್‌ನ ಆರ್‌ಇಆರ್ ಬಿ ರೈಲು ಓಲ್ನೆಯಲ್ಲಿ ಸೀಳಿ, ಒಂದು ವಿಮಾನ ನಿಲ್ದಾಣಕ್ಕೆ, ಇನ್ನೊಂದು ಮಿತ್ರಿ ಕಡೆಗೆ ಹೋಗುತ್ತದೆ. ಊರಿಗೆ ವಾಪಸ್ ಬರುವ ದಿನ ಅಲ್ಲಿ ತಪ್ಪಿದರೆ ವಿಮಾನವೇ ತಪ್ಪೀತು. ಕವಲಿರುವ ಲೈನಿನಲ್ಲಿ ಬಂದ ಮೊದಲ ಗಾಡಿ ಹತ್ತಬೇಡಿ. ಗಾಡಿಯ ಮುಂಭಾಗದಲ್ಲಿ ಅಥವಾ ಪ್ಲಾಟ್‌ಫಾರಂನ ಪರದೆಯಲ್ಲಿ ಬರುವ ಕೊನೆಯ ಸ್ಟೇಷನ್ ಹೆಸರು ಓದಿ ಹತ್ತಿ. ಒಂದು ಗಾಡಿ ಬಿಟ್ಟರೆ ಸ್ವಲ್ಪ ಹೊತ್ತಿನಲ್ಲಿ ಇನ್ನೊಂದು ಬರುತ್ತದೆ.

ಜಪಾನಿನಲ್ಲಿ ಇದರ ಜೊತೆಗೆ ಒಂದೇ ಹಳಿಯಲ್ಲಿ ಎಲ್ಲ ಕಡೆ ನಿಲ್ಲುವ ಗಾಡಿಯೂ ಇರುತ್ತದೆ, ಸಣ್ಣ ಸ್ಟೇಷನ್ ಬಿಟ್ಟು ಓಡುವ ಗಾಡಿಯೂ ಇರುತ್ತದೆ. ನಿಮ್ಮದು ಸಣ್ಣ ಸ್ಟೇಷನ್ ಆದರೆ ನಿಧಾನದ ಗಾಡಿಯೇ ಬೇಕು.

ಹೆಸರಿನ ಗೊಂದಲ ಬೇರೆ. ದುಬೈನಲ್ಲಿ ಹಲವು ಸ್ಟೇಷನ್‌ಗಳ ಹೆಸರು ಬದಲಾಗಿವೆ, ಹತ್ತು ವರ್ಷದ ಹಿಂದೆ ಹೋಗಿಬಂದವರು ಹೇಳಿದ ಹೆಸರು ಈಗ ಬೋರ್ಡಿನಲ್ಲಿ ಇರಲಿಕ್ಕಿಲ್ಲ. ಲಂಡನ್ನಿನಲ್ಲಿ ಎಜ್‌ವೇರ್ ರೋಡ್ ಅನ್ನೋ ಹೆಸರಿನ ಎರಡು ಬೇರೆ ಬೇರೆ ಸ್ಟೇಷನ್‌ಗಳಿವೆ. ಲಂಡನ್ ಮೆಟ್ರೋ ನಕ್ಷೆಯ ವಿಷಯದಲ್ಲಿ ಇನ್ನೊಂದು ಮಾತು. ಹ್ಯಾರಿ ಬೆಕ್ ಅನ್ನೋ ಡ್ರಾಫ್ಟ್ಸ್‌ಮನ್ ರೂಪಿಸಿ, 1933ರಲ್ಲಿ ಮೊದಲು ಅಚ್ಚಾದ ಮಾದರಿಯಲ್ಲೇ ಇಂದಿಗೂ ಅದು ಇದೆ. ಅದರಲ್ಲಿ ಅಳತೆ ನಿಜವಾದದ್ದಲ್ಲ, ಲೈನು ಸುಲಭವಾಗಿ ತಿಳಿಯಲಿ ಅಂತ ನೇರ ಗೆರೆ ಎಳೆದದ್ದು. ಲೆಸ್ಟರ್ ಸ್ಕ್ವೇರ್‌ನಿಂದ ಕೋವೆಂಟ್ ಗಾರ್ಡನ್‌ಗೆ ಮುನ್ನೂರು ಮೀಟರ್ ಕೂಡ ಇಲ್ಲ. ಅಂಥ ಕಡೆ ಇಳಿದು ಹತ್ತುವುದಕ್ಕಿಂತ ನಡೆದುಬಿಡಿ, ತಪ್ಪುವುದಕ್ಕೆ ಅವಕಾಶವೇ ಇರುವುದಿಲ್ಲ.

ತಪ್ಪಾಯಿತು ಅಂತ ಗೊತ್ತಾದ ಕೂಡಲೇ

ಗಾಡಿಯ ಒಳಗಿದ್ದರೆ ಮುಂದಿನ ಸ್ಟೇಷನ್ನಿನಲ್ಲಿ ಇಳಿಯಿರಿ. ಬಾಗಿಲು ಮುಚ್ಚುವ ಹೊತ್ತಿಗೆ ಹಾರಿ ಇಳಿಯುವುದು ಬೇಡ. ಒಂದು ಸ್ಟೇಷನ್ ಮುಂದೆ ಹೋದರೆ ಏನೂ ಕೆಡುವುದಿಲ್ಲ.

ಇಳಿದ ಮೇಲೆ ಬೆಂಚು ಇದ್ದರೆ ಕೂತುಕೊಳ್ಳಿ, ಇಲ್ಲದಿದ್ದರೆ ಗೋಡೆ ಕಡೆ ಸರಿದು ನಿಲ್ಲಿ. ಎದುರಿಗೆ ಗಾಡಿ ಬಂದು ನಿಂತಿದ್ದರೂ ಹತ್ತಬೇಡಿ. ಮೊದಲು ಗೋಡೆಯ ಮೇಲಿನ ಸ್ಟೇಷನ್ ಹೆಸರು ಓದಿ. ಆಮೇಲೆ ನಕ್ಷೆಯಲ್ಲಿ ಅದನ್ನು ಹುಡುಕಿ. ಅದರಿಂದ ನೀವು ಇಳಿಯಬೇಕಿದ್ದ ಜಾಗ ಯಾವ ಕಡೆ ಇದೆ, ಆ ಕಡೆಯ ಕೊನೆಯ ಸ್ಟೇಷನ್ ಯಾವುದು ನೋಡಿ. ಈ ಕೆಲಸಕ್ಕೆ ಎರಡು ಮೂರು ಗಾಡಿ ಹೋದರೆ ಹೋಗಲಿ.

ಗೇಟಿನಿಂದ ಹೊರಗೆ ಹೋಗುವ ಅವಸರ ಬೇಡ. ಸಾಮಾನ್ಯವಾಗಿ ಒಳಗಿದ್ದೇ ಎದುರಿನ ಪ್ಲಾಟ್‌ಫಾರಂಗೆ ಹೋಗಿ ವಾಪಸ್ ಬರಬಹುದು. ಹೊರಗೆ ಹೋಗಿ ಮತ್ತೆ ಒಳಗೆ ಬಂದರೆ ಹೊಸದಾಗಿ ದುಡ್ಡು ಕೊಡಬೇಕಾದೀತು. ಆದರೆ ಎದುರಿಗಿರುವುದೆಲ್ಲ ವಾಪಸ್ ಹೋಗುವ ಗಾಡಿ ಅಂತ ತಿಳಿಯಬೇಡಿ. ಸಿಂಗಾಪುರದ ಸಿಟಿ ಹಾಲ್ ಮತ್ತು ರಾಫಲ್ಸ್ ಪ್ಲೇಸ್ ಸ್ಟೇಷನ್‌ಗಳಲ್ಲಿ ಒಂದೇ ಪ್ಲಾಟ್‌ಫಾರಂನ ಒಂದು ಬದಿ ಕೆಂಪು ಲೈನು, ಇನ್ನೊಂದು ಬದಿ ಹಸಿರು ಲೈನು. ಲೈನು ಬದಲಿಸುವವರಿಗೆ ಅನುಕೂಲ ಆಗಲಿ ಅಂತ ಹಾಗೆ ಕಟ್ಟಿದ್ದಾರೆ. ಅಲ್ಲಿ ಎದುರಿನ ಗಾಡಿ ಹತ್ತಿದರೆ ಬೇರೆ ಲೈನಿಗೇ ಹೋಗುತ್ತೀರಿ.

ಟೋಕಿಯೋದ ಯಮನೋತೆ ಲೈನಿನಲ್ಲಿ ಮಾತ್ರ ಇಷ್ಟು ಚಿಂತೆ ಬೇಡ. 30 ಸ್ಟೇಷನ್‌ಗಳ ಅದು ಊರನ್ನು ಪೂರ್ತಿ ಸುತ್ತು ಹಾಕುತ್ತದೆ. ತಪ್ಪು ದಿಕ್ಕಿಗೆ ಹತ್ತಿದರೂ ಕೂತಿದ್ದರೆ ಸುಮಾರು ಒಂದು ಗಂಟೆಯೊಳಗೆ ನಿಮ್ಮ ಸ್ಟೇಷನ್ ಬಂದೇ ಬರುತ್ತದೆ, ಊರೂ ನೋಡಿದಂತಾಗುತ್ತದೆ. ಲಂಡನ್ನಿನ ಸರ್ಕಲ್ ಲೈನಿಗೆ ಹೆಸರು ಸರ್ಕಲ್ ಆದರೂ 2009ರಿಂದ ಅದು ಪೂರ್ತಿ ಸುತ್ತಾಗಿಲ್ಲ. ಎಜ್‌ವೇರ್ ರೋಡ್‌ನಲ್ಲಿ ಎಲ್ಲರನ್ನೂ ಇಳಿಸುತ್ತದೆ.

ಜೊತೆಯವರು ಕೈ ತಪ್ಪಿದರೆ

ಒಬ್ಬರು ಹತ್ತಿದರು, ಇನ್ನೊಬ್ಬರು ಹತ್ತುವಷ್ಟರಲ್ಲಿ ಬಾಗಿಲು ಮುಚ್ಚಿತು. ಇದು ಯಾರಿಗೆ ಬೇಕಾದರೂ ಆಗಬಹುದು. ಆ ಹೊತ್ತಿಗೆ ಮಾತಾಡಿಕೊಳ್ಳಲು ಆಗುವುದಿಲ್ಲ, ಆದ್ದರಿಂದ ಮನೆಯಲ್ಲೇ ಮಾತಾಡಿಕೊಂಡಿರಬೇಕು. ನಿಯಮ ಇಷ್ಟೇ: ಹತ್ತಿದವರು ಮುಂದಿನ ಸ್ಟೇಷನ್ನಿನಲ್ಲಿ ಇಳಿದು ಅದೇ ಪ್ಲಾಟ್‌ಫಾರಂನಲ್ಲಿ ನಿಲ್ಲಬೇಕು. ಉಳಿದವರು ಅದೇ ಲೈನಿನ, ಅದೇ ದಿಕ್ಕಿನ ಮುಂದಿನ ಗಾಡಿ ಹತ್ತಿ ಒಂದೇ ಸ್ಟೇಷನ್ ಹೋಗಿ ಇಳಿಯಬೇಕು. ಹತ್ತಿದವರು ವಾಪಸ್ ಬರಲೇಬಾರದು. ಅವರು ಈ ಕಡೆ, ಇವರು ಆ ಕಡೆ ಹೊರಟರೆ ಇಬ್ಬರೂ ಎದುರುಬದುರು ದಾಟಿಹೋಗುತ್ತಾರೆ. ಎಲ್ಲ ಕಡೆ ನಿಲ್ಲದ ಗಾಡಿಗಳಿರುವ ಜಪಾನಿನಂಥ ಊರಲ್ಲಿ ಮಾತ್ರ ಉಳಿದವರು ನಿಂತಲ್ಲೇ ನಿಲ್ಲಲಿ, ಹತ್ತಿದವರೇ ಹಿಂದೆ ಬರಲಿ. ಎರಡರಲ್ಲಿ ಯಾವುದು ಅಂತ ಬೆಳಿಗ್ಗೆಯೇ ತೀರ್ಮಾನ ಆಗಿರಲಿ. ಮೊಮ್ಮಕ್ಕಳ ಜೊತೆ ಹೋಗುವಾಗ ಹತ್ತುವ ಕ್ರಮವನ್ನೂ ಗೊತ್ತುಮಾಡಿಕೊಳ್ಳಿ. ಒಬ್ಬ ದೊಡ್ಡವರು ಮೊದಲು, ಮಕ್ಕಳು ನಡುವೆ, ಇನ್ನೊಬ್ಬ ದೊಡ್ಡವರು ಕೊನೆಗೆ. ಇಳಿಯುವಾಗಲೂ ಹಾಗೆಯೇ.

ಮಕ್ಕಳಿಗೆ ಫೋನ್ ಮಾಡಿದಾಗ

ಫೋನ್ ಸಿಕ್ಕರೂ ಮಾತು ದಾರಿ ತಪ್ಪುವುದುಂಟು. "ಅವ್ವಾ, ಎಲ್ಲಿದ್ದೀ?" ಅಂದರೆ "ಇಲ್ಲೇ ಸ್ಟೇಷನ್‌ದಾಗ ನಿಂತೀನಪ್ಪಾ, ಭಾಳ ಮಂದಿ ಅದಾರ" ಅನ್ನುವ ಉತ್ತರ ಬರುತ್ತದೆ. ಇದರಿಂದ ಏನೂ ತಿಳಿಯುವುದಿಲ್ಲ. ಮಗನಾದವನು ಹೀಗೆ ಕೇಳಲಿ:

"ಅವ್ವಾ, ಹೆದರಬ್ಯಾಡ. ಗ್ವಾಡಿ ಮ್ಯಾಲ ಹೆಸರಿನ ಬಾಜೂಕ ಅಕ್ಷರ, ನಂಬರ್ ಏನದ ಓದು."

"ಇ ಡಬ್ಲ್ಯೂ ಅದ. ಅದರ ಮುಂದ ನಾಲ್ಕು."

"ತನಾ ಮೆರಾ ಅದು. ಅಲ್ಲೇ ಬೆಂಚಿನ ಮ್ಯಾಲ ಕುಂದ್ರು. ಎದುರಿನ ಬೋರ್ಡಿಂದ ಒಂದು ಫೋಟೋ ತಗದು ಕಳಸು, ಯಾವ ಗಾಡಿ ಅಂತ ನಾ ಹೇಳ್ತೀನಿ."

ಸಿಂಗಾಪುರದಲ್ಲಿ, ಟೋಕಿಯೋದಲ್ಲಿ ಸ್ಟೇಷನ್‌ಗಳಿಗೆ ಹೀಗೆ ಅಕ್ಷರ ಮತ್ತು ನಂಬರ್ ಇರುವುದು ದೊಡ್ಡ ಉಪಕಾರ. ಇಂಗ್ಲಿಷ್ ಓದಲು ಬರದಿದ್ದರೂ ದೊಡ್ಡ ಅಕ್ಷರ ಮತ್ತು ಅಂಕಿ ಗುರುತಿಸಿದರೆ ಸಾಕು. ನಂಬರ್ ಒಂದೊಂದಾಗಿ ಏರುತ್ತಿದೆಯೋ ಇಳಿಯುತ್ತಿದೆಯೋ ನೋಡಿಕೊಂಡರೆ ಸರಿಯಾದ ದಿಕ್ಕಿಗೆ ಹೋಗುತ್ತಿದ್ದೇವೋ ಇಲ್ಲವೋ ಗಾಡಿಯಲ್ಲಿ ಕೂತೇ ತಿಳಿಯುತ್ತದೆ. ಇಂಗ್ಲಿಷಿನ 26 ದೊಡ್ಡ ಅಕ್ಷರ ಕಲಿಯಲು ವೀಸಾ ಬರುವ ತನಕದ ದಿನಗಳೇ ಸಾಕು. ಮನೆಯ ಮೊಮ್ಮಗಳನ್ನೇ ಗುರು ಮಾಡಿಕೊಳ್ಳಿ.

ಕಾರ್ಡು, ಬಸ್ಸು, ರೊಟ್ಟಿ ಗಂಟು

ಒಬ್ಬರಿಗೆ ಒಂದು ಕಾರ್ಡ್. ಬಹುತೇಕ ಊರುಗಳಲ್ಲಿ ಒಂದೇ ಕಾರ್ಡನ್ನು ಗೇಟಿಗೆ ಎರಡು ಸಲ ಮುಟ್ಟಿಸಿ ಇಬ್ಬರು ಒಳಗೆ ಹೋಗಲು ಆಗುವುದಿಲ್ಲ. ದುಬೈ, ಸಿಂಗಾಪುರ, ಲಂಡನ್, ಟೋಕಿಯೋ ಮೆಟ್ರೋಗಳಲ್ಲಿ ಗೇಟಿನ ಒಳಗೆ ಹೋಗುವಾಗಲೂ ಹೊರಗೆ ಬರುವಾಗಲೂ ಮುಟ್ಟಿಸಬೇಕು. ಬಸ್ಸಿನಲ್ಲಿ ಊರಿಗೊಂದು ಪದ್ಧತಿ: ಸಿಂಗಾಪುರ, ದುಬೈಗಳಲ್ಲಿ ಇಳಿಯುವಾಗಲೂ ಮುಟ್ಟಿಸಬೇಕು, ಲಂಡನ್ನಿನಲ್ಲಿ ಹತ್ತುವಾಗ ಮಾತ್ರ. ಲಂಡನ್ ಬಸ್ಸಿನಲ್ಲಿ ನಗದು ತೆಗೆದುಕೊಳ್ಳುವುದಿಲ್ಲ. ಪ್ಯಾರಿಸ್‌ನಲ್ಲಿ ಟಿಕೆಟ್ ಅಥವಾ ಕಾರ್ಡ್ ಹೊರಗೆ ಬರುವ ತನಕ ಕೈಗೆ ಸಿಗುವ ಹಾಗೆ ಇರಲಿ, ಮಧ್ಯದಲ್ಲಿ ಕೇಳುತ್ತಾರೆ.

ಬಸ್ಸಿನಲ್ಲಿ ದಾರಿ ತಪ್ಪಲು ಒಂದು ದೊಡ್ಡ ಕಾರಣ ರಸ್ತೆಯ ಬದಿ. ಸಿಂಗಾಪುರ, ಲಂಡನ್, ಟೋಕಿಯೋಗಳಲ್ಲಿ ನಮ್ಮ ಹಾಗೆ ಎಡಕ್ಕೆ ಓಡಿಸುತ್ತಾರೆ. ದುಬೈ, ಪ್ಯಾರಿಸ್, ನ್ಯೂಯಾರ್ಕ್‌ಗಳಲ್ಲಿ ಬಲಕ್ಕೆ. ಅಂಥ ಊರಲ್ಲಿ ನಮ್ಮ ರೂಢಿಯ ಬದಿಯಲ್ಲಿ ನಿಂತರೆ ಬರುವುದು ಅದೇ ನಂಬರಿನ ಬಸ್ಸು, ಹೋಗುವುದು ಉಲ್ಟಾ ಕಡೆ. ರಸ್ತೆ ದಾಟುವಾಗ ಕೂಡ ಇದು ನೆನಪಿರಲಿ, ಅಲ್ಲಿ ಗಾಡಿ ಮೊದಲು ಎಡಗಡೆಯಿಂದ ಬರುತ್ತದೆ. ಸಿಂಗಾಪುರದಲ್ಲಿ ಸ್ಟಾಪಿನಲ್ಲಿ ನಿಂತರೆ ಸಾಲದು, ಬಸ್ಸು ಬಂದಾಗ ಕೈ ಮಾಡಬೇಕು. ಇಳಿಯುವ ಮುಂಚೆ ಗಂಟೆ ಒತ್ತಬೇಕು.

ನಮ್ಮವರ ಬ್ಯಾಗಿನಲ್ಲಿ ಕಡಕ್ ರೊಟ್ಟಿ, ಶೇಂಗಾ ಹಿಂಡಿ ಇದ್ದೇ ಇರುತ್ತದೆ. ಇರಲಿ, ಆದರೆ ಸ್ಟೇಷನ್ ಒಳಗೆ ಬಿಚ್ಚಬೇಡಿ. ಸಿಂಗಾಪುರ ಮೆಟ್ರೋದಲ್ಲಿ ತಿನ್ನುವುದು ಕುಡಿಯುವುದಕ್ಕೆ 500 ಸಿಂಗಾಪುರ ಡಾಲರ್ ತನಕ ದಂಡ ಇದೆ, ನೀರು ಕುಡಿದರೂ ತಪ್ಪೇ. ದುಬೈನಲ್ಲಿ 100 ದಿರ್‌ಹಮ್. ಸಕ್ಕರೆ ಕಾಯಿಲೆ ಇದ್ದವರು ದಾರಿ ತಪ್ಪಿ ತಡವಾದರೆ ಹಸಿದುಕೊಂಡು ಓಡಾಡಬೇಡಿ. ಗೇಟಿನಿಂದ ಹೊರಗೆ ಬಂದು, ಒಂದು ಕಡೆ ಕೂತು ತಿಂದು, ಆಮೇಲೆ ಮುಂದಿನದು ನೋಡಿ. ಹೊಸ ಟಿಕೆಟಿನ ದುಡ್ಡು ಆಗ ಲೆಕ್ಕಕ್ಕೆ ಬೇಡ. ದುಬೈನಲ್ಲಿ ಹೆಂಗಸರು ಮಕ್ಕಳಿಗೆ ಬೇರೆ ಡಬ್ಬಿ ಇದೆ, ಹೆಚ್ಚು ದುಡ್ಡು ಕೊಟ್ಟವರಿಗೆ ಗೋಲ್ಡ್ ಕ್ಲಾಸ್ ಅಂತ ಇನ್ನೊಂದಿದೆ. ನೆಲದ ಮೇಲೆ ಬರೆದದ್ದು ನೋಡಿ ನಿಲ್ಲಿ, ಅಲ್ಲೂ ದಂಡ ಉಂಟು.

ಯಾರನ್ನು ಕೇಳಬೇಕು, ಹೇಗೆ ಕೇಳಬೇಕು

ಮೊದಲು ಸಮವಸ್ತ್ರದಲ್ಲಿರುವ ಸಿಬ್ಬಂದಿ. ಗೇಟಿನ ಪಕ್ಕದಲ್ಲೇ ಸಾಮಾನ್ಯವಾಗಿ ಒಂದು ಕಿಟಕಿ ಇರುತ್ತದೆ. ಟೋಕಿಯೋದಲ್ಲಿ ರಸ್ತೆಯ ಮೇಲಾದರೆ ಕೋಬಾನ್ ಅನ್ನುವ ಚಿಕ್ಕ ಪೊಲೀಸ್ ಠಾಣೆಗಳಿವೆ. ಅಲ್ಲಿಗೆ ಹೋಗಲು ಹಿಂಜರಿಯಬೇಡಿ, ದಾರಿ ಹೇಳುವುದು ಅವರ ನಿತ್ಯದ ಕೆಲಸ.

ಕೇಳುವ ರೀತಿ ಮುಖ್ಯ. "ಇದು ಅಲ್ಲಿಗೆ ಹೋಗುತ್ತದಾ?" ಅಂದರೆ, ಮಾತು ಅರ್ಥವಾಗದಿದ್ದರೂ ಎಷ್ಟೋ ಜನ ಮರ್ಯಾದೆಗೆ ತಲೆಯಾಡಿಸಿಬಿಡುತ್ತಾರೆ. ಅದರ ಬದಲು ಚೀಟಿ ತೋರಿಸಿ, ಯಾವ ಪ್ಲಾಟ್‌ಫಾರಂ ಅಂತ ಕೇಳಿ. ಆಗ ಅವರು ಕೈ ತೋರಿಸಲೇಬೇಕು, ಇಲ್ಲವೇ ಗೊತ್ತಿಲ್ಲ ಅನ್ನಬೇಕು. ದುಬೈನಲ್ಲಿ ನಮಗೊಂದು ಅನುಕೂಲ ಇದೆ. ಕಲಬುರಗಿಯಲ್ಲಿ ಬೆಳೆದವರಿಗೆ ಬರುವ ಹಿಂದಿ, ಉರ್ದು ಅಲ್ಲಿ ಧಾರಾಳವಾಗಿ ನಡೆಯುತ್ತದೆ. ಇಂಗ್ಲಿಷ್ ಬರಲ್ಲ ಅಂತ ಸಂಕೋಚ ಬೇಡ.

ರಾತ್ರಿಯ ಮಾತು ಬೇರೆ. ಬಹುತೇಕ ಊರುಗಳಲ್ಲಿ ಮೆಟ್ರೋ ನಡುರಾತ್ರಿಯ ಆಸುಪಾಸಿಗೆ ನಿಲ್ಲುತ್ತದೆ. ಹತ್ತು ಗಂಟೆಯ ಮೇಲೆ ದಾರಿ ತಪ್ಪಿದರೆ ಮತ್ತೆ ಗಾಡಿ ಹುಡುಕುತ್ತಾ ಕೂರಬೇಡಿ. ದೀಪ ಇರುವ, ಜನ ಇರುವ ಎಕ್ಸಿಟ್‌ನಿಂದ ಹೊರಬಂದು, ಚೀಟಿ ತೋರಿಸಿ ಟ್ಯಾಕ್ಸಿ ಹಿಡಿಯಿರಿ. ಆ ದುಡ್ಡು ದುಂದಲ್ಲ. ಅಲ್ಲಿಯ ಒಂದು ಟ್ಯಾಕ್ಸಿಗೆ ಸಾಕಾಗುವಷ್ಟು ನೋಟು ದಿನವೂ ಮಡಚಿ ಬೇರೆ ಇಟ್ಟುಕೊಂಡಿರಿ.

ತುರ್ತು ನಂಬರ್‌ಗಳನ್ನು ಚೀಟಿಯ ಹಿಂದೆ ಬರೆದುಕೊಳ್ಳಿ. ದುಬೈ: ಪೊಲೀಸ್ 999, ಆಂಬುಲೆನ್ಸ್ 998. ಸಿಂಗಾಪುರ: ಪೊಲೀಸ್ 999, ಆಂಬುಲೆನ್ಸ್ 995. ಲಂಡನ್: ಎರಡಕ್ಕೂ 999. ಪ್ಯಾರಿಸ್ ಸೇರಿ ಯುರೋಪ್ ಒಕ್ಕೂಟದ ಊರುಗಳಲ್ಲಿ 112. ಜಪಾನ್: ಪೊಲೀಸ್ 110, ಆಂಬುಲೆನ್ಸ್ 119. ಪಾಸ್‌ಪೋರ್ಟಿನ ಒಂದು ಝೆರಾಕ್ಸ್ ಚೀಟಿಯ ಜೊತೆಗೇ ಇರಲಿ. ಜಪಾನಿನಲ್ಲಿ ಮಾತ್ರ ಝೆರಾಕ್ಸ್ ಸಾಲದು, ಪ್ರವಾಸಿಗರು ಅಸಲಿ ಪಾಸ್‌ಪೋರ್ಟನ್ನೇ ಜೊತೆಗೆ ಇಟ್ಟುಕೊಂಡಿರಬೇಕು ಅನ್ನೋದು ಅಲ್ಲಿಯ ಕಾನೂನು.